ಹಿಟ್ಟಿನ ಕೋಳಿಯೂ ಕೈಯೆತ್ತಿದ ಸೈನಿಕನೂ

ಭಾದ್ರಪದ ಮಾಸದಲ್ಲಿ ದಶಲಕ್ಷಣ ಪರ್ವ ಸಮೀಪಿಸುತ್ತಿದ್ದಂತೆ ಅನೇಕ ಶ್ರಾವಕರ ಮನೆಗಳಲ್ಲಿ ಒಂದು ಸಣ್ಣ ವಾಗ್ವಾದ ನಡೆಯುವುದುಂಟು. ಹತ್ತು ದಿನಗಳ ಮಟ್ಟಿಗಾದರೂ ಗುಂಡು ಹಾರಿಸುವ ಆ ಕಂಪ್ಯೂಟರ್ ಆಟವನ್ನು ಬದಿಗಿಡು ಎಂದು ಹಿರಿಯರು ಹೇಳುತ್ತಾರೆ. “ಅಪ್ಪಾಜಿ, ಇದರಲ್ಲಿ ಸತ್ತವರು ಯಾರು, ತೋರಿಸಿ” ಎಂದು ಮಗ ಕೇಳುತ್ತಾನೆ. ಮಾತು ಉದ್ಧಟವಾಗಿ ಕೇಳಿಸಿದರೂ ಪ್ರಶ್ನೆ ಉದ್ಧಟವಾದುದಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಯಾವ ಜೀವಿಗೂ ಅಲ್ಲಿ ನೋವಾಗಿಲ್ಲ. ಗಾಜಿನ ಪರದೆಯ ಮೇಲೆ ಬೆಳಕು ಬಣ್ಣ ಬದಲಿಸಿದೆ, ಅಷ್ಟೆ. ಪ್ರಾಣವೇ ಇಲ್ಲದ ಕಡೆ ಪ್ರಾಣಹರಣ ಹೇಗಾದೀತು? ಗದರಿಸಿ ಸುಮ್ಮನಾಗಿಸಿದರೆ ಮಗ ಸುಮ್ಮನಾಗಬಹುದು, ಪ್ರಶ್ನೆ ಸುಮ್ಮನಾಗದು. ಇಂಥ ಆಟಗಳು ಅಸಂಖ್ಯವಾಗಿವೆ. ಎಲ್ಲವನ್ನೂ ಒಟ್ಟಿಗೆ ಖಂಡಿಸುವುದಕ್ಕಿಂತ ಒಂದನ್ನು ಎತ್ತಿಕೊಂಡು ಒಳಹೊಕ್ಕು ನೋಡುವುದು ಲೇಸು.

2013ರ ಮೇ ತಿಂಗಳಲ್ಲಿ ಪ್ರಕಟವಾದ ‘ಮೆಟ್ರೊ: ಲಾಸ್ಟ್ ಲೈಟ್’ ಎಂಬುದು ಅಂಥ ಒಂದು ಆಟ. 2010ರಲ್ಲಿ ಬಂದ ‘ಮೆಟ್ರೊ 2033’ರ ಉತ್ತರಭಾಗವಿದು. ಎರಡನ್ನೂ ರಚಿಸಿದವರು ಉಕ್ರೇನಿನ ಕೀವ್ ನಗರದ ‘4ಎ ಗೇಮ್ಸ್’ ಸಂಸ್ಥೆಯವರು. ಎರಡಕ್ಕೂ ಭಿತ್ತಿಯಾದುದು ರಷ್ಯದ ಲೇಖಕ ದ್ಮಿತ್ರಿ ಗ್ಲುಖೋವ್‌ಸ್ಕಿ ಕಲ್ಪಿಸಿದ ಲೋಕ. ಅಣ್ವಸ್ತ್ರ ಯುದ್ಧದಿಂದ ಭೂಮಿಯ ಮೇಲ್ಮೈ ವಿಷಮಯವಾಗಿದೆ; ಮಾಸ್ಕೋ ನಗರದ ಅಳಿದುಳಿದ ಜನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಇಪ್ಪತ್ತು ವರ್ಷಗಳಿಂದ ಬದುಕುತ್ತಿದ್ದಾರೆ. ಒಂದೊಂದು ನಿಲ್ದಾಣವೂ ಒಂದು ಸಂಸ್ಥಾನ. ಒಂದೆಡೆ ಕಮ್ಯೂನಿಸ್ಟರು, ಒಂದೆಡೆ ನಾಜಿ ಬಾವುಟ ಹಿಡಿದವರು, ನಡುವೆ ವ್ಯಾಪಾರಿಗಳು. ಜಗತ್ತೇ ಸುಟ್ಟುಹೋದ ಮೇಲೂ ಮನುಷ್ಯರು ಹಳೆಯ ದ್ವೇಷಗಳನ್ನು ಮಾತ್ರ ಜೋಪಾನವಾಗಿ ಕೆಳಗಿಳಿಸಿ ತಂದಿದ್ದಾರೆ. ಈ ಲೋಕದಲ್ಲಿ ಚಲಾವಣೆಯ ನಾಣ್ಯವಾವುದು ಎಂಬುದು ಗಮನಾರ್ಹ. ಯುದ್ಧಪೂರ್ವ ಕಾಲದ ಉತ್ತಮ ದರ್ಜೆಯ ತೋಟಾಗಳೇ ಅಲ್ಲಿ ಹಣ. ಅದೇ ತೋಟಾವನ್ನು ಬಂದೂಕಿಗೆ ತುಂಬಿ ಹಾರಿಸಲೂಬಹುದು. ಹಾಗೆ ಹಾರಿಸಿದವನು ತನ್ನ ಗಂಟನ್ನೇ ಹಾರಿಸಿದಂತೆ. ಪರಿಗ್ರಹಕ್ಕೂ ಹಿಂಸೆಗೂ ಇರುವ ನಂಟನ್ನು ಪ್ರವಚನಗಳಲ್ಲಿ ವಿವರಿಸುವುದು ಸುಲಭವಲ್ಲ. ಇಲ್ಲಿ ಅದು ಒಂದು ಜೇಬಿನಲ್ಲಿ ಅಡಗಿದೆ.

ಈ ಜಾತಿಯ ಆಟಗಳಿಗೆ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು. ಆಟಗಾರನಿಗೆ ಕಥಾನಾಯಕ ಕಾಣಿಸುವುದಿಲ್ಲ. ಅವನು ಕಥಾನಾಯಕನ ಕಣ್ಣಿನಿಂದಲೇ ಎಲ್ಲವನ್ನೂ ಕಾಣುತ್ತಾನೆ. ಪರದೆಯ ಅಂಚಿನಲ್ಲಿ ತೋರುವುದು ಆಯುಧ ಹಿಡಿದ ಕೈಗಳು ಮಾತ್ರ. ‘ಲಾಸ್ಟ್ ಲೈಟ್’ನಲ್ಲಿ ಮುಖವಾಡದ ಗಾಜಿನ ಮೇಲೆ ನೆತ್ತರಿನ ಹನಿ ಸಿಡಿದರೆ ಅದನ್ನು ಒರೆಸಲು ಆಟಗಾರನು ಒಂದು ಗುಂಡಿಯನ್ನು ಒತ್ತಬೇಕು. ಒರೆಸದಿದ್ದರೆ ಮುಂದಿನ ದಾರಿ ಮಸುಕು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿ ನಾಟಕದ ಕೊಲೆಯನ್ನು ನೋಡಿ ನಲಿದವನಿಗೆ ಮೂರನೆಯದನ್ನಷ್ಟೇ ಆರೋಪಿಸಬಹುದು. ಈ ಆಟವಾದರೋ ಪ್ರೇಕ್ಷಕನನ್ನು ಆಸನದಿಂದ ಎಬ್ಬಿಸಿ ಮೊದಲನೆಯದರ ಸ್ಥಾನದಲ್ಲಿ ನಿಲ್ಲಿಸುತ್ತದೆ. ಸಿನೆಮಾ ನೋಡುವುದಕ್ಕೂ ಇದಕ್ಕೂ ಭೇದವಿಲ್ಲ ಎನ್ನುವವರು ಈ ಅಂಶವನ್ನು ಮರೆಯುತ್ತಾರೆ.

ಕಥೆಯ ಪೂರ್ವವೃತ್ತಾಂತ ಹೀಗಿದೆ. ಮೊದಲ ಭಾಗದ ನಾಯಕ ಆರ್ತ್ಯೋಮ್ ಎಂಬ ತರುಣ. ಅವನ ನಿಲ್ದಾಣವನ್ನು ‘ಡಾರ್ಕ್ ಒನ್ಸ್’ ಎಂದು ಜನ ಕರೆಯುವ ಕಪ್ಪುಜೀವಿಗಳು ಪೀಡಿಸುತ್ತಿವೆ ಎಂಬ ಭಯ. ಅವು ಹತ್ತಿರ ಬಂದರೆ ಮನುಷ್ಯರ ಮತಿ ಕೆಡುತ್ತದೆ. ಆರ್ತ್ಯೋಮ್ ಓಸ್ತಾಂಕಿನೋ ಗೋಪುರವನ್ನೇರಿ, ಕ್ಷಿಪಣಿಗಳಿಗೆ ಗುರಿ ತೋರಿಸಿ, ಅವುಗಳ ನೆಲೆಯನ್ನು ಸುಟ್ಟು ಬೂದಿ ಮಾಡಿಸುತ್ತಾನೆ. ಆ ಜೀವಿಗಳು ಮನುಷ್ಯರೊಡನೆ ಮಾತನಾಡಲು ಯತ್ನಿಸುತ್ತಿದ್ದವು, ಆ ಯತ್ನವನ್ನೇ ಮನುಷ್ಯರು ಆಕ್ರಮಣವೆಂದು ಭ್ರಮಿಸಿದರು ಎಂಬ ಸತ್ಯ ಅವನಿಗೆ ಹೊಳೆಯುವ ಹೊತ್ತಿಗೆ ಕ್ಷಿಪಣಿಗಳು ಹೊರಟಾಗಿದೆ. ಉತ್ತರಭಾಗ ಆರಂಭವಾಗುವುದು ಈ ಪಶ್ಚಾತ್ತಾಪದಿಂದ. ಒಂದು ಕಪ್ಪುಜೀವಿ ಇನ್ನೂ ಉಳಿದಿದೆ ಎಂಬ ಸುದ್ದಿ ಬರುತ್ತದೆ. ಅದನ್ನೂ ಮುಗಿಸಿ ಬಾ ಎಂದು ಅವನ ಸೇನಾಪತಿ ಅಪ್ಪಣೆ ಮಾಡುತ್ತಾನೆ. ಹೋಗಿ ನೋಡಿದರೆ ಅದೊಂದು ಮರಿ.

ಮುಂದೆ ನಡೆಯುವುದು ಬಹುಮಟ್ಟಿಗೆ ಸೆರೆ, ಪಲಾಯನ, ದ್ರೋಹಗಳ ಕಥೆ. ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಒಂದು ಸಂಗತಿಯನ್ನು ಮಾತ್ರ ಬಿಡುವಂತಿಲ್ಲ. ಬಾಲ್ಯದಲ್ಲಿ ಮೇಲ್ಮೈಗೆ ಹೋಗಿದ್ದಾಗ ಕ್ರೂರಮೃಗಗಳಿಂದ ತನ್ನನ್ನು ಕಾಪಾಡಿದ್ದು ಇಂಥದೇ ಒಂದು ಕಪ್ಪುಜೀವಿ ಎಂಬ ನೆನಪು ಆರ್ತ್ಯೋಮನಿಗೆ ಮರುಕಳಿಸುತ್ತದೆ. ಕಾಪಾಡಿದವರ ಕುಲವನ್ನೇ ಸುಟ್ಟವನು ಈಗ ಆ ಕುಲದ ಕೊನೆಯ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅಲೆಯಬೇಕು. ಪೂರ್ವಪುರಾಣ ಉತ್ತರಪುರಾಣಗಳನ್ನು ಬಲ್ಲ ಜೈನ ವಾಚಕರಿಗೆ ಉತ್ತರಭಾಗವೆಂಬುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಡಿದ್ದು ಮುಗಿಯುವುದಿಲ್ಲ. ವ್ಯಾಪಾರದ ಕಾರಣಕ್ಕೆ ಎರಡನೆಯ ಭಾಗವನ್ನು ತರುವ ಉದ್ಯಮವೊಂದು, ಬಹುಶಃ ತನಗೇ ಪೂರ್ತಿ ಅರಿವಿಲ್ಲದೆ, ಕರ್ಮವಿಪಾಕದ ಚೌಕಟ್ಟಿಗೆ ಬಂದು ಸೇರಿದೆ.

ಇನ್ನು ಮಗನ ಪ್ರಶ್ನೆಗೆ ಬರಬಹುದು. ಕನ್ನಡದಲ್ಲಿ ಈ ಪ್ರಶ್ನೆಗೆ ಎಂಟು ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ತಿರುಳೇ ಅದು. ಯಶೋಧರನು ಪ್ರಾಣಿಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿ ಬಿಡುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಕೋಳಿಯೊಂದನ್ನು ಮಾಡಿ ದೇವಿಗೆ ಕೊಯ್ಯುವುದೆಂದು ಒಪ್ಪಂದವಾಗುತ್ತದೆ. ಕತ್ತಿ ತಗುಲಿದಾಗ ಒಳಹೊಕ್ಕಿದ್ದ ಬೆಂತರ ಕೂಗುತ್ತದೆ. ಅರಸನ ಎದೆ ನಡುಗುತ್ತದೆ. ಅಲ್ಲಿಯೂ ಯಾವ ಕೋಳಿಯೂ ಸತ್ತಿರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡುಗಳಾಗಿ ಭವಭವ ಅಲೆಯಬೇಕಾಯಿತು. ದ್ರವ್ಯಹಿಂಸೆ ಇಲ್ಲದೆ ಭಾವಹಿಂಸೆ ಮಾತ್ರದಿಂದಲೇ ಬಂಧವುಂಟು ಎಂಬುದಕ್ಕೆ ಇದಕ್ಕಿಂತ ಮನಮುಟ್ಟುವ ದೃಷ್ಟಾಂತ ಬೇರೊಂದಿಲ್ಲ. ಕಂಪ್ಯೂಟರ್ ಆಟದ ವಿಷಯ ಬಂದಾಗ ಹಿರಿಯರು ಹಿಟ್ಟಿನ ಕೋಳಿಯನ್ನು ನೆನೆಯುವುದು ಸಹಜವೇ.

ಆದರೆ ಈ ದೃಷ್ಟಾಂತವನ್ನು ತರಾತುರಿಯಲ್ಲಿ ಪ್ರಯೋಗಿಸಿದರೆ ಅನ್ಯಾಯವಾದೀತು. ಯಶೋಧರನ ಬಲಿ ಆಟವಾಗಿರಲಿಲ್ಲ. ದೇವಿ ನಿಜ, ಕೋರಿಕೆ ನಿಜ; ಹಿಟ್ಟಿನದು ನಿಜವಾದ ಕೋಳಿಗೆ ಸಮ ಎಂಬ ನಂಬಿಕೆಯಿಂದಲೇ ಅದನ್ನು ಕೊಯ್ದದ್ದು. ಜೀವವೊಂದನ್ನು ಕೊಟ್ಟು ತನ್ನ ಶಾಂತಿಯನ್ನು ಪಡೆಯುವೆನೆಂಬ ಸಂಕಲ್ಪ ಅಲ್ಲಿ ಪೂರ್ಣವಾಗಿತ್ತು. ಕಡಮೆಯಾದದ್ದು ಮಾಂಸ ಮಾತ್ರ. ಆಟಕ್ಕೆ ಕುಳಿತ ಹುಡುಗನಾದರೋ ಎದುರಿರುವುದು ಚಿತ್ರವೆಂದು ಬಲ್ಲ. ಯಾರೊಬ್ಬರೂ ಸಾಯಲೆಂಬ ಬಯಕೆ ಅವನಿಗಿಲ್ಲ. ಹಂತವನ್ನು ದಾಟಬೇಕೆಂಬ ಬಯಕೆ ಇದೆ. ಚದುರಂಗದಲ್ಲಿ ಆನೆಯನ್ನು ‘ಕಡಿದವನು’ ಗಜಹತ್ಯೆ ಮಾಡಿದನೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಗುಂಡಿ ಒತ್ತಿದ ಮಾತ್ರಕ್ಕೆ ಸಂಕಲ್ಪಹಿಂಸೆ ಸಂಭವಿಸಿತೆಂದು ತೀರ್ಪು ಕೊಡುವುದು ದುಡುಕು. ಅದೇ ಕಾಲಕ್ಕೆ ಚದುರಂಗದ ಆನೆ ಘೀಳಿಡುವುದಿಲ್ಲ, ಅದರ ನೆತ್ತರು ಆಟಗಾರನ ಕನ್ನಡಕಕ್ಕೆ ಸಿಡಿಯುವುದಿಲ್ಲ ಎಂಬುದನ್ನೂ ಒಪ್ಪಬೇಕು. ಚಿತ್ರವೆಂದು ಬಲ್ಲವನನ್ನು ಚಿತ್ರವೆಂಬುದನ್ನು ಮರೆಯುವಂತೆ ಮಾಡುವುದರಲ್ಲಿಯೇ ಈ ಆಟಗಳ ಕೌಶಲವಿರುವುದು. ಹಿಟ್ಟು ಕೂಗತೊಡಗಿದೆ.

‘ಲಾಸ್ಟ್ ಲೈಟ್’ ಈ ಚರ್ಚೆಗೆ ಯೋಗ್ಯವಾಗುವುದು ಇಲ್ಲಿಯೇ. ಆಟಗಾರನ ಭಾವವನ್ನು ಅದು ಮೌನವಾಗಿ ಗಮನಿಸುತ್ತಿರುತ್ತದೆ. ಕಾವಲಿನವರಿರುವ ಸುರಂಗವೊಂದನ್ನು ದಾಟಬೇಕಾಗಿದೆ ಎನ್ನೋಣ. ಎಲ್ಲರನ್ನೂ ಕೊಂದು ದಾಟಬಹುದು. ಹಿಂದಿನಿಂದ ಹೋಗಿ ಗುದ್ದಿ ಮೂರ್ಛೆಗೊಳಿಸಬಹುದು. ದೀಪಗಳನ್ನು ಒಂದೊಂದಾಗಿ ಆರಿಸಿ, ಕತ್ತಲೆಯಲ್ಲಿ ಯಾರನ್ನೂ ಮುಟ್ಟದೆ ನುಸುಳಿಹೋಗಬಹುದು. ಕತ್ತಲೆಯಲ್ಲಿ ಕುಳಿತು ಕಾವಲಿನವರ ಮಾತಿಗೆ ಕಿವಿಗೊಟ್ಟರೆ ಅವರೂ ಮನೆಯವರನ್ನು ನೆನೆಯುತ್ತ, ಊಟ ಸಾಲದೆಂದು ಗೊಣಗುತ್ತ ಇರುವವರೆಂದು ತಿಳಿಯುತ್ತದೆ. ಕಾಳಗ ನಡೆದು ತನ್ನವರೆಲ್ಲ ಬಿದ್ದುದನ್ನು ಕಂಡ ಸೈನಿಕನು ಕೆಲವೆಡೆ ಆಯುಧವನ್ನು ಕೆಳಗೆಸೆದು ಕೈಯೆತ್ತಿ ನಿಲ್ಲುತ್ತಾನೆ. ಅವನನ್ನು ಕೊಲ್ಲದಂತೆ ಆಟ ತಡೆಯುವುದಿಲ್ಲ. ಕೊಂದರೆ ಬೈಯುವುದೂ ಇಲ್ಲ. ಬಿಟ್ಟರೆ, ಭಿಕ್ಷೆ ಬೇಡುವವನಿಗೆ ಒಂದು ತೋಟಾ ಕೊಟ್ಟರೆ, ಅನ್ಯರ ದುಃಖವನ್ನು ನಿಂತು ಕೇಳಿದರೆ ಪರದೆ ಒಂದು ಕ್ಷಣ ಬೆಳಗಿ ಮೆಲುದನಿಯೊಂದು ಕೇಳಿಸುತ್ತದೆ. ಎಷ್ಟು ಪುಣ್ಯ ಸೇರಿತು, ಎಷ್ಟು ಕಳೆಯಿತು ಎಂಬ ಲೆಕ್ಕವನ್ನು ಎಲ್ಲಿಯೂ ತೋರಿಸುವುದಿಲ್ಲ. ಕಥೆಯ ಕೊನೆ ಮಾತ್ರ ಆ ಗುಪ್ತಲೆಕ್ಕವನ್ನು ಅವಲಂಬಿಸಿದೆ.

ಆರು ಮಂದಿ ಹಸಿದವರು ನೇರಳೆಯ ಮರವೊಂದರ ಬಳಿಗೆ ಬಂದ ಕಥೆ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಒಬ್ಬ ಬುಡವನ್ನೇ ಕಡಿಯೋಣವೆಂದ, ಒಬ್ಬ ಕೊಂಬೆಯನ್ನು, ಒಬ್ಬ ರೆಂಬೆಯನ್ನು. ಕೊನೆಯವನು ನೆಲಕ್ಕೆ ಬಿದ್ದ ಹಣ್ಣು ಸಾಕೆಂದ. ಹಸಿವು ಒಂದೇ, ಮರವೂ ಒಂದೇ, ಬೇರೆಯಾದುದು ಲೇಶ್ಯೆ. ಒಂದೇ ಸುರಂಗವನ್ನು ಆರು ಮಂದಿ ತರುಣರು ಆಡಿದರೂ ಇದೇ ಬಗೆಯ ಭೇದ ಕಂಡುಬರುತ್ತದೆ. ಆದ್ದರಿಂದ ಮನೆಯ ಹಿರಿಯರು ‘ಯಾವ ಆಟ’ ಎಂದು ಕೇಳಿ ನಿಲ್ಲದೆ ‘ಹೇಗೆ ದಾಟಿದೆ’ ಎಂದೂ ಕೇಳಿದರೆ ಸಂಭಾಷಣೆ ಮುಂದುವರಿದೀತು. ಈ ಪ್ರಶ್ನೆಗೆ ಉತ್ತರ ಹೇಳುವಾಗ ಹುಡುಗನ ಮುಖದಲ್ಲಿ ಮೂಡುವ ಉತ್ಸಾಹ ಯಾವ ಜಾತಿಯದು ಎಂಬುದು ಹೆತ್ತವರಿಗೆ ತಿಳಿಯದೆ ಇರದು.

ಇಷ್ಟು ಹೇಳಿದ ಮೇಲೆ ಆಟದ ದೋಷಗಳನ್ನು ಮುಚ್ಚಿಡಬಾರದು. ಮೊದಲನೆಯದಾಗಿ ಗುಪ್ತಲೆಕ್ಕ ಬಹುಕಾಲ ಗುಪ್ತವಾಗಿ ಉಳಿಯುವುದಿಲ್ಲ. ಎಲ್ಲಿ ಯಾರನ್ನು ಬಿಟ್ಟರೆ ಲಾಭ, ಯಾವ ಮೂಲೆಯಲ್ಲಿ ನಿಂತು ಯಾರ ಮಾತು ಕೇಳಬೇಕು ಎಂಬುದನ್ನು ಪಟ್ಟಿಮಾಡಿ ಹಂಚಿಕೊಳ್ಳುವವರಿದ್ದಾರೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಭಿಕ್ಷೆ ಹಾಕಿದವನದು ಯಾವ ದಾನ? ತಪಸ್ಸಿಗೆ ಪ್ರತಿಯಾಗಿ ಭೋಗವನ್ನು ಬೇಡುವುದನ್ನು ಪೂರ್ವಾಚಾರ್ಯರು ನಿದಾನವೆಂದು ಕರೆದು ಶಲ್ಯಗಳ ಸಾಲಿನಲ್ಲಿ ಸೇರಿಸಿದ್ದಾರೆ. ಒಳ್ಳೆಯ ಮುಕ್ತಾಯಕ್ಕಾಗಿ ಕನಿಕರ ತೋರುವ ಆಟಗಾರ ಆ ಮುಳ್ಳನ್ನು ಕಾಲಲ್ಲಿ ಇರಿಸಿಕೊಂಡೇ ನಡೆಯುತ್ತಾನೆ. ಈ ದೋಷ ಆಟಕ್ಕೆ ಮಾತ್ರ ಸೀಮಿತವೆಂದು ಹೇಳುವ ಧೈರ್ಯ ಎಷ್ಟು ಟ್ರಸ್ಟುಗಳಿಗೆ ಇದೆಯೋ! ದಾನಿಗಳ ಹೆಸರಿನ ಅಮೃತಶಿಲೆಗಳು ಯಾವ ಬಸದಿಯ ಗೋಡೆಯಲ್ಲಿಲ್ಲ?

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಮೊದಲ ಭಾಗದಲ್ಲಿಯೂ ಇಂಥದೇ ಗುಪ್ತಲೆಕ್ಕವಿತ್ತು. ಕನಿಕರದಿಂದ ಆಡಿದವನಿಗೆ ಕೊನೆಯಲ್ಲಿ ಕ್ಷಿಪಣಿಯ ಗುರಿಯಂತ್ರವನ್ನೇ ಒಡೆದು ಕಪ್ಪುಜೀವಿಗಳನ್ನು ಉಳಿಸುವ ಅವಕಾಶ ದೊರೆಯುತ್ತಿತ್ತು. ಹಾಗೆ ಉಳಿಸಿದವರು ಅನೇಕರು. ಆದರೆ ಉತ್ತರಭಾಗವು ಸಂಹಾರವೇ ನಡೆದುದೆಂದು ಭಾವಿಸಿ ಆರಂಭವಾಗುತ್ತದೆ; ಉಳಿಸಿದವನೂ ಕೊಂದವನ ಪಶ್ಚಾತ್ತಾಪವನ್ನು ಹೊರಬೇಕು. 2019ರಲ್ಲಿ ಬಂದ ಮೂರನೆಯ ಭಾಗ ‘ಮೆಟ್ರೊ ಎಕ್ಸೋಡಸ್’ ಇದಕ್ಕೆ ವಿಪರೀತವಾಗಿ ‘ಲಾಸ್ಟ್ ಲೈಟ್’ನ ಒಳ್ಳೆಯ ಮುಕ್ತಾಯವನ್ನೇ ಎಲ್ಲರಿಗೂ ಅನ್ವಯಿಸಿತು. ಅಲ್ಲಿ ಕೊಂದವನೂ ಉಳಿಸಿದವನಾದ. ಮಾಡಿದ ಕರ್ಮ ನಾಶವಾಗುವುದು, ಮಾಡದ ಕರ್ಮ ಬಂದು ಅಂಟುವುದು ಎಂಬ ಕೃತಪ್ರಣಾಶ ಅಕೃತಾಭ್ಯಾಗಮಗಳನ್ನು ತರ್ಕಗ್ರಂಥಗಳು ಮಹಾದೋಷಗಳೆಂದು ಎಣಿಸುತ್ತವೆ. ಇಲ್ಲಿ ಅವೆರಡೂ ಕೈಕೈ ಹಿಡಿದು ಬಂದಿವೆ. ಕಥೆಯೊಂದನ್ನು ಮುಂದುವರಿಸಬೇಕಾದವನಿಗೆ ಬೇರೆ ದಾರಿಯಿಲ್ಲವೆಂಬುದು ನಿಜ. ಆದರೂ ಆಟದ ನ್ಯಾಯಕ್ಕೂ ಕರ್ಮದ ನ್ಯಾಯಕ್ಕೂ ಇರುವ ಅಂತರವನ್ನು ತರುಣರಿಗೆ ತೋರಿಸಲು ಇದು ಒಳ್ಳೆಯ ಸಂದರ್ಭ. ಲೇಖಕನೊಬ್ಬ ತಿದ್ದಬಲ್ಲ ಲೆಕ್ಕ ಒಂದು, ಯಾರೂ ತಿದ್ದಲಾಗದ ಲೆಕ್ಕ ಮತ್ತೊಂದು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ರೌದ್ರಧ್ಯಾನದ್ದು. ಯಾರನ್ನೂ ಕೊಲ್ಲದೆ ಸುರಂಗ ದಾಟುವ ಅವಕಾಶವನ್ನು ಇಟ್ಟ ಈ ಆಟವೇ ಬಗೆಬಗೆಯ ಬಂದೂಕುಗಳನ್ನು ಅಂಗಡಿಯಲ್ಲಿ ಜೋಡಿಸಿ, ಅವುಗಳಿಗೆ ದೂರದರ್ಶಕ, ಶಬ್ದ ಅಡಗಿಸುವ ನಳಿಕೆಗಳನ್ನು ಕೂಡಿಸುವ ಸುಖವನ್ನೂ ಉಣಿಸುತ್ತದೆ. ಕೆಲವು ಮೃಗಗಳೊಡನೆ ಕಾದಾಡದೆ ಮುಂದೆ ದಾರಿಯೇ ಇಲ್ಲ. ಅದನ್ನು ವಿರೋಧಿಹಿಂಸೆ ಎಂದು ಗೃಹಸ್ಥನ ಮಟ್ಟಿಗೆ ಸಮರ್ಥಿಸಬಹುದಾದರೂ ಗುರಿ ತಪ್ಪದೆ ತಗುಲಿದಾಗ ಒಳಗೆ ಚಿಮ್ಮುವ ಹಿಗ್ಗನ್ನು ಯಾವ ಹೆಸರಿನಿಂದಲೂ ಸಮರ್ಥಿಸಲಾಗದು. ಅನರ್ಥದಂಡವ್ರತದಲ್ಲಿ ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳನ್ನು ಸೇರಿಸಿದ ಸಮಂತಭದ್ರಾಚಾರ್ಯರು ಇಂಥ ಹಿಗ್ಗನ್ನು ಚೆನ್ನಾಗಿ ಬಲ್ಲವರು. ಪ್ರಯೋಜನವಿಲ್ಲದ ಕಡೆ ಮನಸ್ಸನ್ನು ಹಿಂಸೆಯಲ್ಲಿ ವಿಹರಿಸಲು ಬಿಡುವುದೇ ಅಲ್ಲಿ ದೋಷ. ಯಾರು ಸತ್ತರು ಎಂಬುದು ಆಮೇಲಿನ ಮಾತು. ಮಗನ ಪ್ರಶ್ನೆಗೆ ನೇರವಾದ ಉತ್ತರವಿದು: ಸತ್ತವರಾರೂ ಇಲ್ಲ, ಆದರೆ ಪ್ರಶ್ನೆ ಸತ್ತವರ ಕುರಿತದ್ದಲ್ಲ. ಇಷ್ಟಾಗಿಯೂ ಹನ್ನೆರಡು ಹದಿಮೂರರ ಬಾಲಕರ ಮನೆಗಳಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಯೂರೋಪಿನ ವರ್ಗೀಕರಣದಂತೆ ಇದು 18 ವರ್ಷ ತುಂಬಿದವರಿಗೆ ಮಾತ್ರ ಯೋಗ್ಯವಾದ ಆಟ. ಹಿಂಸೆಯಲ್ಲದೆ ಮಕ್ಕಳು ನೋಡಬಾರದ ಇತರ ದೃಶ್ಯಗಳೂ ಇದರಲ್ಲಿವೆ.

ಇದನ್ನು ರಚಿಸಿದವರ ವಿಷಯವಾಗಿ ಒಂದೆರಡು ಮಾತು ಹೇಳದೆ ಮುಂದೆ ಸಾಗುವಂತಿಲ್ಲ. ಆಟವನ್ನು ಮೊದಲು ಪ್ರಕಟಿಸಬೇಕಾಗಿದ್ದ ಸಂಸ್ಥೆ ದಿವಾಳಿಯಾದಾಗ ಅದರ ಕೊನೆಯ ಅಧ್ಯಕ್ಷರಾಗಿದ್ದ ಜೇಸನ್ ರೂಬಿನ್ ಎಂಬವರು 2013ರಲ್ಲಿ ಕೀವ್‌ನ ಈ ತಂಡದ ಸ್ಥಿತಿಯನ್ನು ಕುರಿತು ಬರೆದರು. ಮದುವೆಮನೆಗೆ ತರುವಂಥ ಮಡಚುವ ಕುರ್ಚಿಗಳಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತು, ವಿದ್ಯುತ್ತಿನ ಕೊರತೆಯ ನಡುವೆ, ದೊಡ್ಡ ಪ್ರತಿಸ್ಪರ್ಧಿಗಳ ವೆಚ್ಚದ ಹತ್ತನೆಯ ಒಂದು ಭಾಗದಲ್ಲಿ ಅವರು ಈ ಕೆಲಸವನ್ನು ಮುಗಿಸಿದರಂತೆ. ಒಂಬತ್ತು ವರ್ಷಗಳ ನಂತರ, 2022ರ ಫೆಬ್ರವರಿಯಲ್ಲಿ, ಅದೇ ಕೀವ್ ನಗರದ ಮೇಲೆ ರಷ್ಯದ ಕ್ಷಿಪಣಿಗಳು ಎರಗಿದಾಗ ಸಾವಿರಾರು ಜನ ಹಾಸಿಗೆ, ಕೂಸು, ಸಾಕಿದ ಬೆಕ್ಕುಗಳೊಡನೆ ನೆಲದಡಿಯ ಮೆಟ್ರೊ ನಿಲ್ದಾಣಗಳಿಗೆ ಇಳಿದರು. ಕಲ್ಪನೆಯೊಂದು ಇಷ್ಟು ಬೇಗ ಇಷ್ಟು ನಿಷ್ಠುರವಾಗಿ ನಿಜವಾಗುವುದು ಅಪರೂಪ. ಮೂಲಕಥೆಯ ಲೇಖಕ ಗ್ಲುಖೋವ್‌ಸ್ಕಿ ಆಕ್ರಮಣ ಮಾಡಿದ ದೇಶದವರೇ. ಅವರು ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. 2023ರ ಆಗಸ್ಟ್‌ನಲ್ಲಿ ಮಾಸ್ಕೋದ ನ್ಯಾಯಾಲಯವೊಂದು ಅವರ ಗೈರುಹಾಜರಿಯಲ್ಲಿ ಎಂಟು ವರ್ಷಗಳ ಸೆರೆವಾಸವನ್ನು ವಿಧಿಸಿತು. ಎದುರಿನವರ ಯತ್ನವನ್ನೆಲ್ಲ ಆಕ್ರಮಣವೆಂದು ತಿಳಿದು ಗುರಿಯಂತ್ರ ಹಿಡಿದವನ ಕಥೆಯನ್ನು ಕಲ್ಪಿಸಿದವರು, ತಮ್ಮ ನಾಡಿನ ಗುರಿಯಂತ್ರವನ್ನು ಕಂಡಾಗ ಬಾಯಿ ಮುಚ್ಚಿ ಕೂರಲಿಲ್ಲ. ಆಟದ ಕನಿಕರ ಆಟದಲ್ಲೇ ಉಳಿಯುತ್ತದೆ ಎನ್ನುವವರು ಈ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಯ ಹಂತದಲ್ಲಿ ಆರ್ತ್ಯೋಮ್ ತನ್ನವರೊಡನೆ ಶತ್ರುಗಳ ನಡುವೆ ಸಿಲುಕಿರುತ್ತಾನೆ. ಗುಪ್ತಲೆಕ್ಕ ಸಾಲದಿದ್ದರೆ ಶತ್ರು ಮಿತ್ರರೆಲ್ಲರನ್ನೂ ಕೂಡಿಕೊಂಡು ನೆಲೆಯನ್ನೇ ಸಿಡಿಸಿಕೊಳ್ಳುತ್ತಾನೆ. ಲೆಕ್ಕ ಸಂದಿದ್ದರೆ ಕಪ್ಪುಜೀವಿಯ ಮರಿ ಅವನ ಕೈಯನ್ನು ತಡೆಯುತ್ತದೆ. ಎಲ್ಲೋ ಸುಪ್ತವಾಗಿ ಉಳಿದಿದ್ದ ಅದರ ಕುಲದವರು ಎದ್ದು ಬಂದು, ತಮ್ಮನ್ನು ಸುಟ್ಟವನನ್ನು ಕಾಪಾಡುತ್ತಾರೆ. ಇದಕ್ಕಿಂತ ಸ್ವಲ್ಪ ಮೊದಲೇ ಬರುವ ಒಂದು ಘಟ್ಟ ಕ್ಷಮಾವಣಿಯ ದಿನ ನೆನಪಿಗೆ ಬರುವಂಥದು. ಪಾವೆಲ್ ಎಂಬ ಕೆಂಪು ಸೈನಿಕ ಆರಂಭದಲ್ಲಿ ಆರ್ತ್ಯೋಮನೊಡನೆ ನಾಜಿಗಳ ಸೆರೆಯಿಂದ ತಪ್ಪಿಸಿಕೊಂಡವನು, ನಗುನಗುತ್ತ ಸ್ನೇಹ ಬೆಳೆಸಿದವನು, ಅನಂತರ ದ್ರೋಹವೆಸಗಿ ಹಿಡಿದುಕೊಟ್ಟವನು. ಕೆಂಪು ಚೌಕದ ಬಳಿ ಅವನು ಸೋತು ಬಿದ್ದಾಗ ಸತ್ತವರ ಕೈಗಳು ಅವನನ್ನು ಕೆಳಗೆ ಎಳೆಯತೊಡಗುತ್ತವೆ. ಆರ್ತ್ಯೋಮನ ಪಕ್ಕದಲ್ಲಿ ಮರಿ ನೋಡುತ್ತ ನಿಂತಿದೆ. ನೆರವಾಗಬಹುದು, ನೋಡುತ್ತ ನಿಲ್ಲಲೂಬಹುದು. ಏನು ಮಾಡಬೇಕೆಂದು ಆಟ ಹೇಳುವುದಿಲ್ಲ. ಸಮಯವೂ ಹೆಚ್ಚಿಲ್ಲ. ಮನೆಯ ತರುಣ ಈ ಘಟ್ಟಕ್ಕೆ ಬರುವ ಹೊತ್ತಿಗೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿದ್ದರೆ ಅವರು ಏನನ್ನೂ ಹೇಳಬೇಕಾಗಿಲ್ಲ. ಅವನ ಬೆರಳನ್ನು ನೋಡುತ್ತಿದ್ದರೆ ಸಾಕು.